ಕೊಲ್ಲದೆ ಕೆಡವುವ ಲೆಕ್ಕ

ಓದುಗರ ಪ್ರಶ್ನೆ: ಮೇಜಿನ ಮೇಲಿನ ಪಾತ್ರಧಾರಿ ಆಟಗಳು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೋಳು ಹೇಳುತ್ತವೆ: ಎದುರಾಳಿಯನ್ನು ಜೀವಸಹಿತ ಹಿಡಿಯಬೇಕು, ಆದರೆ ನಿಯಮಗಳೆಲ್ಲ ಕೊಲ್ಲುವುದಕ್ಕೇ ಹೇಳಿಮಾಡಿಸಿದಂತಿವೆ. ಆದ್ದರಿಂದ ಇಡೀ ಅಂಕಣ ಇದಕ್ಕೇ ಮೀಸಲು. ಹೊಸಬರಿಗಾಗಿ: 1ಡಿ8 ಎಂದರೆ ಎಂಟು ಮುಖದ ಒಂದು ದಾಳ, 2ಡಿ6 ಎಂದರೆ ಆರು ಮುಖದ ಎರಡು ದಾಳಗಳ ಮೊತ್ತ, ಎಚ್‌ಪಿ ಎಂದರೆ ಹಿಟ್ ಪಾಯಿಂಟ್ (ಪಾತ್ರ ಎಷ್ಟು ಪೆಟ್ಟು ತಾಳುತ್ತದೆಂಬ ಅಂಕಿ), ಡಿಎಂ ಎಂದರೆ ಆಟ ನಡೆಸುವ ಡಂಜನ್ ಮಾಸ್ಟರ್.

ಪ್ರಶ್ನೆ: ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿ. ಬಿಲ್ಲುಗಾರ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸನನ್ನು ಬಾಣ ಬಿಟ್ಟು ಮೂರ್ಛೆ ಬೀಳಿಸುತ್ತೇನೆ ಎಂದಾಗ ಡಿಎಂ ಒಪ್ಪಲಿಲ್ಲ. ಮರುಸರದಿಯಲ್ಲಿ ದೊಡ್ಡ ಕೊಡಲಿ ಬೀಸಿದವನಿಗೆ ಮಾತ್ರ ಒಪ್ಪಿಗೆ ಸಿಕ್ಕಿತು. ಇದು ಯಾವ ನ್ಯಾಯ? — ಮೈಸೂರು

ಉತ್ತರ: ನಿಮ್ಮ ಡಿಎಂ ಪುಸ್ತಕದಲ್ಲಿ ಇರುವುದನ್ನೇ ಹೇಳಿದ್ದಾರೆ. ಈ ಆವೃತ್ತಿ ಆಯುಧ ಯಾವುದೆಂದು ಕೇಳುವುದಿಲ್ಲ, ದಾಳಿ ಯಾವ ಬಗೆಯದೆಂದು ಕೇಳುತ್ತದೆ. ಮೆಲೀ ಅಟ್ಯಾಕ್, ಅಂದರೆ ಕೈಯಳತೆಯ ದಾಳಿಯಿಂದ ಎದುರಾಳಿ 0 ಎಚ್‌ಪಿಗೆ ಇಳಿದರೆ ಮಾತ್ರ ಅವನನ್ನು ಮೂರ್ಛೆಗೆ ಕೆಡವಬಹುದು. ಹಾಗಾಗಿ ಕೊಡಲಿಗೆ ಅವಕಾಶ ಉಂಟು, ಬಾಣಕ್ಕೆ ಇಲ್ಲ. ಮೊದಲೇ ಘೋಷಿಸಬೇಕಾಗಿಲ್ಲ, ದಾಳದ ಮೇಲೆ ಯಾವ ಕಡಿತವೂ ಇಲ್ಲ. ಹಾನಿಯ ಲೆಕ್ಕ ಮುಗಿದ ಕ್ಷಣದಲ್ಲಿ ಆಟಗಾರ ತೀರ್ಮಾನಿಸಿದರೆ ಸಾಕು. 7 ಎಚ್‌ಪಿ ಇರುವ ಗಾಬ್ಲಿನ್ನಿಗೆ ಕೊಡಲಿಯಿಂದ 14 ಹಾನಿ ಬಿದ್ದಿದ್ದರೂ ಸರಿಯೇ. ಪೆಟ್ಟು ಎಷ್ಟು ಜೋರಿತ್ತು ಎಂದು ಈ ನಿಯಮ ವಿಚಾರಿಸುವುದಿಲ್ಲ.

ಜನ ಎಡವುವುದು ಗಡಿಯಲ್ಲಿರುವ ಪ್ರಸಂಗಗಳಲ್ಲಿ. ಎಸೆದ ಬಾಕು, ಎಸೆದ ಕೈಗೊಡಲಿ, ಎಸೆದ ಭರ್ಜಿ: ಇವು ಮೆಲೀ ಆಯುಧಗಳಾದರೂ ಎಸೆದಾಗ ಅದು ದೂರದಾಳಿ, ಆದ್ದರಿಂದ ನಡೆಯದು. ಹತ್ತು ಅಡಿ ದೂರ ತಲುಪುವ ಉದ್ದ ಹಿಡಿಯ ಆಯುಧ ನಡೆಯುತ್ತದೆ. ಮಂತ್ರಗಳಲ್ಲಿ, ಮೆಲೀ ಸ್ಪೆಲ್ ಅಟ್ಯಾಕ್ ಎಂದು ಬರೆದಿರುವುದೆಲ್ಲ ನಡೆಯುತ್ತದೆ. ಶಾಕಿಂಗ್ ಗ್ರಾಸ್ಪ್ ಹಿಡಿದು ಝುಮ್ಮೆನಿಸಿ ಮಲಗಿಸಬಹುದು. ಸ್ಪಿರಿಚುಯಲ್ ವೆಪನ್ ಮಂತ್ರದ ಆಯುಧ 60 ಅಡಿ ಆಚೆ ತೇಲುತ್ತಿದ್ದರೂ ಅದರ ಹೊಡೆತ ಮೆಲೀ ಸ್ಪೆಲ್ ಅಟ್ಯಾಕ್, ಹಾಗಾಗಿ ದೂರದಲ್ಲಿ ನಿಂತ ಪುರೋಹಿತನಿಗೆ ಇದೇ ಸುಲಭ ದಾರಿ. ಇನ್‌ಫ್ಲಿಕ್ಟ್ ವೂಂಡ್ಸ್ ವಿಷಯದಲ್ಲಿ ಜೋಪಾನ: ಇದೇ ಐದನೇ ಆವೃತ್ತಿಯ 2014ರ ಪುಸ್ತಕದಲ್ಲಿ ಅದು ದಾಳಿಯ ಮಂತ್ರ, ಪರಿಷ್ಕೃತ 2024ರ ಪುಸ್ತಕದಲ್ಲಿ ಸೇವಿಂಗ್ ಥ್ರೋ ಮಂತ್ರ, ಅಂದರೆ ತಪ್ಪಿಸಿಕೊಳ್ಳಲು ಎದುರಾಳಿಯೇ ದಾಳ ಎಸೆಯುತ್ತಾನೆ. ಹೊಸ ಪುಸ್ತಕ ಹಿಡಿದವರಿಗೆ ಅದು ಇನ್ನು ನಡೆಯುವುದಿಲ್ಲ. ಫೈರ್‌ಬಾಲ್ ಯಾವ ಕಾಲಕ್ಕೂ ಇಲ್ಲ.

ಬಿದ್ದ ಮೇಲೆ ಏನಾಗುತ್ತದೆ ಎಂಬುದರಲ್ಲೂ ಎರಡು ಪುಸ್ತಕಗಳು ಬೇರೆ ಬೇರೆ. 2014ರಲ್ಲಿ ಬಿದ್ದವನು 0 ಎಚ್‌ಪಿಯಲ್ಲೇ ಸ್ಥಿರವಾಗಿ ಮಲಗಿರುತ್ತಾನೆ. ಯಾರೂ ಮುಟ್ಟದಿದ್ದರೆ 1ಡಿ4 ಗಂಟೆಗಳ ಮೇಲೆ 1 ಎಚ್‌ಪಿಯೊಂದಿಗೆ ಏಳುತ್ತಾನೆ. 2024ರಲ್ಲಿ ಅವನು 0ಕ್ಕೆ ಇಳಿಯುವುದೇ ಇಲ್ಲ. 1 ಎಚ್‌ಪಿಯಲ್ಲಿ ಪ್ರಜ್ಞೆ ತಪ್ಪಿ, ಶಾರ್ಟ್ ರೆಸ್ಟ್ ಆರಂಭಿಸಿ, ಒಂದು ಗಂಟೆಗೆ ಕಣ್ಣು ಬಿಡುತ್ತಾನೆ. ಅದಕ್ಕೂ ಮೊದಲು ಯಾರಾದರೂ ಒಂದು ಆಕ್ಷನ್ (ತಮ್ಮ ಸರದಿಯ ಮುಖ್ಯ ಕೆಲಸ) ವ್ಯಯಿಸಿ ಮೆಡಿಸಿನ್ ಪರೀಕ್ಷೆಯಲ್ಲಿ 10 ಮುಟ್ಟಿದರೆ ಅಥವಾ ಅವನಿಗೆ ಒಂದೇ ಒಂದು ಎಚ್‌ಪಿ ಮರಳಿಸಿದರೆ ಆಗಲೇ ಎಚ್ಚರ. ಶತ್ರುಪಾಳಯದಲ್ಲಿ ಒಬ್ಬ ವೈದ್ಯನಿದ್ದರೆ ನೀವು ಮಲಗಿಸಿದವರು ಅದೇ ಕಾಳಗದಲ್ಲಿ ಮತ್ತೆ ಎದ್ದು ನಿಲ್ಲುತ್ತಾರೆ ಎಂದೇ ಲೆಕ್ಕ ಹಾಕಿ.

ಇನ್ನು ನಿಮ್ಮ ಬಿಲ್ಲುಗಾರ. ಅವನಿಗೂ ಏನಾದರೂ ಕೊಡಬೇಕೆಂದಿದ್ದರೆ ಮೊಂಡು ತುದಿಯ ಬಾಣದ ಮನೆನಿಯಮ ಮಾಡಿಕೊಳ್ಳಿ: ಹಾನಿಯ ದಾಳ ಒಂದು ಮೆಟ್ಟಿಲು ಕೆಳಗೆ, ಲಾಂಗ್‌ಬೋಗೆ 1ಡಿ8 ಬದಲು 1ಡಿ6; ದೂರ ಅರ್ಧ, 150/600 ಅಡಿ ಹೋಗಿ 75/300 (ಮೊದಲನೆಯದು ಸಲೀಸಾದ ದೂರ, ಎರಡನೆಯದು ತಲುಪುವ ಗರಿಷ್ಠ ದೂರ); ಹಾನಿ ಚುಚ್ಚುವ ಬಗೆಯದಲ್ಲ, ಜಜ್ಜುವ ಬಗೆಯದು. ಈ ಬಾಣದ ಕೊನೆಯ ಪೆಟ್ಟಿಗೆ ಮೂರ್ಛೆಯ ಆಯ್ಕೆ ಉಂಟು. ಬಾಣ ಹೂಡುವಾಗಲೇ ಮೊಂಡು ಬಾಣ ಎಂದು ಹೇಳಬೇಕು, ಬಿದ್ದ ಮೇಲೆ ಬದಲಿಸುವಂತಿಲ್ಲ. ಇಷ್ಟು ಬೆಲೆ ಏಕೆಂದರೆ ದೂರದಿಂದ ಹೊಡೆಯುವವನಿಗೆ ಪೆಟ್ಟು ತಿನ್ನದಿರುವ ಅನುಕೂಲ ಮೊದಲೇ ಇದೆ. ದಯೆಯೂ ಪುಕ್ಕಟೆ ಸಿಕ್ಕಿದರೆ ಮುಂದೆ ನುಗ್ಗಿ ಗಾಯ ಮಾಡಿಕೊಳ್ಳುವವನಿಗೆ ಉಳಿಯುವುದೇನು?

ಪ್ರಶ್ನೆ: ನಾವು ಇನ್ನೂ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಹಳೆಯ 3.5 ಆವೃತ್ತಿಯಲ್ಲೇ ಇದ್ದೇವೆ. ನಾನ್‌ಲೀಥಲ್, ಅಂದರೆ ಕೊಲ್ಲದ ಹಾನಿಯನ್ನು ಎಚ್‌ಪಿಯಿಂದ ಕಳೆಯುತ್ತಾ ಹೋಗುತ್ತೇವೆ, ಕೊನೆಗೆ ಯಾವುದು ನಿಜವಾದ ಗಾಯ, ಯಾವುದು ಅಲ್ಲ ಎಂದು ಜಗಳ. ಸರಿಯಾದ ಲೆಕ್ಕ ತಿಳಿಸಿ. — ಹುಬ್ಬಳ್ಳಿ

ಉತ್ತರ: ಕಳೆಯುವುದೇ ತಪ್ಪು. ಕೂಡಿಸಬೇಕು. ಹಾಳೆಯಲ್ಲಿ ಎಚ್‌ಪಿಯ ಪಕ್ಕದಲ್ಲೇ ಇನ್ನೊಂದು ಚೌಕ ಎಳೆದು 0ಯಿಂದ ಶುರು ಮಾಡಿ. ನಾನ್‌ಲೀಥಲ್ ಪೆಟ್ಟು ಬಿದ್ದಾಗ ಆ ಚೌಕ ಏರುತ್ತದೆ, ನಿಜ ಗಾಯವಾದಾಗ ಎಚ್‌ಪಿ ಇಳಿಯುತ್ತದೆ. ಎರಡೂ ಸಮವಾದರೆ ಆಸಾಮಿ ಸ್ಟ್ಯಾಗರ್ಡ್, ಅಂದರೆ ತೂರಾಟ: ಆ ಸುತ್ತಿನಲ್ಲಿ ಒಂದು ಮೂವ್ (ಚಲನೆ) ಅಥವಾ ಒಂದು ಸ್ಟ್ಯಾಂಡರ್ಡ್ ಆಕ್ಷನ್ (ದಾಳಿಯಂಥ ಕೆಲಸ), ಎರಡರಲ್ಲಿ ಒಂದೇ. ಚೌಕದ ಅಂಕಿ ಎಚ್‌ಪಿಯನ್ನು ದಾಟಿದರೆ ಮೂರ್ಛೆ.

ಮೂರನೇ ಹಂತದ ಕಾವಲುಗಾರನೊಬ್ಬನಿಗೆ 22 ಎಚ್‌ಪಿ ಎನ್ನೋಣ. ಸ್ಯಾಪ್, ಅಂದರೆ ಸೀಸದ ಗುಂಡು ತುಂಬಿದ ತೊಗಲಿನ ಗದೆಯಿಂದ 6, ಮತ್ತೆ 5 ಬಿತ್ತು, ಚೌಕದಲ್ಲಿ 11. ಅಷ್ಟರಲ್ಲಿ ಯಾರೋ ಕತ್ತಿ ಬೀಸಿ 8 ಗಾಯ ಮಾಡಿದರು, ಎಚ್‌ಪಿ 14. ಒಂದು ಗುದ್ದು, 3. ಚೌಕ 14, ಎಚ್‌ಪಿ 14, ತೂರಾಟ. ಇನ್ನೊಂದು ಬಿತ್ತು, 15, ನೆಲಕ್ಕೆ. ಕತ್ತಿಯ ಪೆಟ್ಟು ಕೂಡ ಮೂರ್ಛೆಯನ್ನು ಹತ್ತಿರ ತಂದಿತು, ಗಮನಿಸಿ. ಎರಡು ಅಂಕಿಗಳು ಎದುರುಬದುರಾಗಿ ಬರುತ್ತಿವೆ, ಅವು ಭೇಟಿಯಾಗುವ ಜಾಗವೇ ಮುಖ್ಯ.

ಈಗ ನಿಮ್ಮ ಗುಂಪು ಅವನ ಕೈಕಾಲು ಸಡಿಲವಾಗಿ ಕಟ್ಟಿ ಬೆಳಗಿನವರೆಗೆ ಮಲಗಿತು ಎನ್ನಿ. ನಾನ್‌ಲೀಥಲ್ ಹಾನಿ ಗಂಟೆಗೆ ಪ್ರತಿ ಹಂತಕ್ಕೆ 1ರಂತೆ ಇಳಿಯುತ್ತದೆ. ಮೂರನೇ ಹಂತದವನಿಗೆ ಗಂಟೆಗೆ 3. ಒಂದೇ ಗಂಟೆಯಲ್ಲಿ ಚೌಕ 12, ಎಚ್‌ಪಿ 14, ಅವನು ಪೂರ್ತಿ ಎಚ್ಚರ. ಹಂತ ಹೆಚ್ಚಿದಷ್ಟೂ ಚೇತರಿಕೆ ಚುರುಕು, ಆದ್ದರಿಂದ ದೊಡ್ಡ ಖಳನಾಯಕನ ಮೇಲೆ ಕಾವಲು ಇಟ್ಟಿರಬೇಕು. ಗುಣಪಡಿಸುವ ಮಂತ್ರ ಹಾಕಿದರೆ ಎಷ್ಟು ಎಚ್‌ಪಿ ಏರುತ್ತದೋ ಅಷ್ಟೇ ನಾನ್‌ಲೀಥಲ್ ಇಳಿಯುತ್ತದೆ. ಗಾಯ ಮಾತ್ರ ಮಾಯಿಸಿ ಮೂರ್ಛೆ ಉಳಿಸಿಕೊಳ್ಳುವ ಉಪಾಯ ಇಲ್ಲ.

ದಾಳಿಯ ಕಡಿತ ಎರಡೂ ದಿಕ್ಕಿಗೆ ಉಂಟು. ಕತ್ತಿಯನ್ನು ಮಗ್ಗುಲು ತಿರುಗಿಸಿ ಹೊಡೆದರೆ −4, ಸ್ಯಾಪ್‌ನಿಂದ ಕೊಲ್ಲಲು ಹೊರಟರೂ −4. ಇದು ಚಿಕ್ಕ ಬೆಲೆಯಲ್ಲ. ಇಪ್ಪತ್ತು ಮುಖದ ದಾಳದಲ್ಲಿ 11 ಬೇಕಿದ್ದವನಿಗೆ ಈಗ 15 ಬೇಕು. ನೂರಕ್ಕೆ 50 ಸಲ ತಗಲುತ್ತಿದ್ದ ಹೊಡೆತ 30 ಸಲ ತಗಲುತ್ತದೆ. ಕಾಳಗ ಒಂದೂಮುಕ್ಕಾಲು ಪಟ್ಟಿನ ಹತ್ತಿರ ಎಳೆಯುತ್ತದೆ, ಅಷ್ಟೂ ಹೊತ್ತು ಎದುರಿನವನು ನಿಮ್ಮನ್ನು ನಿಜವಾಗಿಯೇ ಕಡಿಯುತ್ತಿರುತ್ತಾನೆ. 3.5 ಆಡುವ ಮೇಜುಗಳಲ್ಲಿ ಸೆರೆಯಾಳುಗಳು ಅಪರೂಪವಾದದ್ದು ಈ ಕಾರಣಕ್ಕೇ. ಕಡಿತ ತಪ್ಪಿಸಬೇಕಾದರೆ ಮರ್ಸಿಫುಲ್ ಗುಣದ ಮಾಂತ್ರಿಕ ಆಯುಧ ಹುಡುಕಿ. +1 ಬೋನಸ್‌ನ ಬೆಲೆಗೆ 1ಡಿ6 ಹೆಚ್ಚುವರಿ ಹಾನಿ, ಎಲ್ಲವೂ ನಾನ್‌ಲೀಥಲ್, ಬೇಡವೆಂದಾಗ ಆಜ್ಞೆ ಕೊಟ್ಟು ನಿಲ್ಲಿಸಬಹುದು.

ಚಾಟಿ ನೆಚ್ಚಿಕೊಳ್ಳಬೇಡಿ. ಎದುರಾಳಿಗೆ ರಕ್ಷಾಕವಚದಿಂದ +1 ಇದ್ದರೂ ಅದು ಹಾನಿ ಮಾಡುವುದಿಲ್ಲ. ಪ್ರೇತಗಳು, ಯಂತ್ರಜೀವಿಗಳು ನಾನ್‌ಲೀಥಲ್‌ಗೆ ಜಗ್ಗುವುದೇ ಇಲ್ಲ. ಮೊದಲನೇ ಆವೃತ್ತಿಯ ಪಾತ್‌ಫೈಂಡರ್ ಆಡುವವರಿಗೂ ಈ ಲೆಕ್ಕವೇ, ಜೊತೆಗೆ ಒಂದು ಕಟ್ಟಳೆ: ಚೌಕದ ಅಂಕಿ ಅವನ ಗರಿಷ್ಠ ಎಚ್‌ಪಿಯನ್ನು ಮುಟ್ಟಿದ ಮೇಲೆ ಬೀಳುವ ಪ್ರತಿ ಪೆಟ್ಟೂ ನಿಜ ಗಾಯ. ಬಿದ್ದವನನ್ನು ಬಡಿಯುತ್ತಲೇ ಇದ್ದರೆ ಅವನು ಸಾಯುತ್ತಾನೆ, ಅಷ್ಟೆ.

ಪ್ರಶ್ನೆ: ಬಲೆ ಬೀಸುವ ಪಾತ್ರ ಮಾಡಿದ್ದೇನೆ. ಊರಲ್ಲಿ ಬೀಸುಬಲೆ ಹಾಕುವವರು ಎಷ್ಟು ಚೆಂದ ಹರಡುತ್ತಾರೆ, ಆಟದಲ್ಲಿ ಮಾತ್ರ ಬಲೆ ಬಿದ್ದದ್ದೇ ಇಲ್ಲ. — ಮಲ್ಪೆ

ಉತ್ತರ: ನೀವು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ 2014ರ ಪುಸ್ತಕ ಇಟ್ಟುಕೊಂಡಿದ್ದೀರಿ ಎಂದು ಊಹಿಸುತ್ತೇವೆ. ಅಲ್ಲಿ ಬಲೆ ಒಂದು ದೂರದಾಳಿಯ ಆಯುಧ, ಅಳತೆ 5/15 ಅಡಿ. ಐದು ಅಡಿಯೊಳಗೆ ಶತ್ರು ಇದ್ದರೆ ದೂರದಾಳಿಗೆ ಡಿಸ್‌ಅಡ್ವಾಂಟೇಜ್. ಐದು ಅಡಿ ದಾಟಿದರೆ ಅದು ಲಾಂಗ್ ರೇಂಜ್, ಅದಕ್ಕೂ ಡಿಸ್‌ಅಡ್ವಾಂಟೇಜ್. ಎಲ್ಲಿ ನಿಂತರೂ ಎರಡು ದಾಳ ಎಸೆದು ಚಿಕ್ಕದನ್ನೇ ಎತ್ತಿಕೊಳ್ಳಬೇಕು. ದಾಳದಲ್ಲಿ 8 ಸಾಕು ಎನ್ನುವ ಗುರಿಗೆ ಸಾಮಾನ್ಯವಾಗಿ ನೂರಕ್ಕೆ 65 ಸಲ ತಗಲುತ್ತದೆ, ಡಿಸ್‌ಅಡ್ವಾಂಟೇಜ್‌ನಲ್ಲಿ 42. ಮೇಲಾಗಿ ಬಲೆ ಎಸೆದ ಆಕ್ಷನ್‌ನಲ್ಲಿ ನಿಮಗೆ ಎಷ್ಟು ದಾಳಿಗಳಿದ್ದರೂ ಒಂದೇ ಎಸೆತ. ತಪ್ಪು ನಿಮ್ಮ ಕೈಯದಲ್ಲ, ಬರೆದವರದು.

ಇದನ್ನು ಸರಿಪಡಿಸುವ ಫೀಟ್‌ಗಳು, ಅಂದರೆ ಪಾತ್ರದ ವಿಶೇಷ ಕೌಶಲಗಳು, ಎರಡು, ವಿಚಿತ್ರವೆಂದರೆ ಎರಡೂ ಬಲೆಗಾಗಿ ಬರೆದವಲ್ಲ. ಶಾರ್ಪ್‌ಶೂಟರ್ ಲಾಂಗ್ ರೇಂಜಿನ ತೊಡಕು ತೆಗೆಯುತ್ತದೆ, ಆಗ 10 ಅಥವಾ 15 ಅಡಿಯಿಂದ ಬೀಸಿ. ಕ್ರಾಸ್‌ಬೋ ಎಕ್ಸ್‌ಪರ್ಟ್ ಸಮೀಪದ ತೊಡಕು ತೆಗೆಯುತ್ತದೆ, ಆಗ 5 ಅಡಿಯಿಂದ. ಒಂದು ಸಾಕು. ಫೀಟ್ ಇಲ್ಲದಿದ್ದರೆ ಅವಿತು ಕುಳಿತು ಎಸೆಯಿರಿ. ಕಾಣದ ಕಡೆಯಿಂದ ಬಂದ ಎಸೆತಕ್ಕೆ ಅಡ್ವಾಂಟೇಜ್ (ಎರಡು ದಾಳದಲ್ಲಿ ದೊಡ್ಡದು) ಇರುವುದರಿಂದ ಎರಡೂ ವಜಾ ಆಗಿ ಒಂದು ದಾಳಕ್ಕೆ ನಿಲ್ಲುತ್ತದೆ.

2024ರ ಪುಸ್ತಕದಲ್ಲಿ ಬಲೆ ಆಯುಧದ ಪಟ್ಟಿಯಿಂದ ಹೊರಬಿದ್ದು ಸಾಮಾನು ಸರಂಜಾಮಿನ ಪಟ್ಟಿಗೆ ಸೇರಿದೆ, ಅದೇ ಅದರ ಭಾಗ್ಯ. ಅಟ್ಯಾಕ್ ಆಕ್ಷನ್‌ನ ಒಂದು ದಾಳಿಯ ಬದಲು ಬಲೆ ಬೀಸಬಹುದು, ಉಳಿದ ದಾಳಿಗಳು ಕೈಯಲ್ಲೇ ಇರುತ್ತವೆ. 15 ಅಡಿಯೊಳಗೆ ಕಾಣುವ ಗುರಿ ಡೆಕ್ಸ್‌ಟೆರಿಟಿ (ಚುರುಕುತನ) ಸೇವ್ ಮಾಡಬೇಕು. ಮುಟ್ಟಬೇಕಾದ ಅಂಕಿ 8 + ನಿಮ್ಮ ಡೆಕ್ಸ್‌ಟೆರಿಟಿ + ಪ್ರೊಫಿಷಿಯನ್ಸಿ (ಪಳಗಿಕೆಯ ಅಂಕಿ). ಮೊದಲ ಹಂತದಲ್ಲಿ ಡೆಕ್ಸ್‌ಟೆರಿಟಿ +3 ಇರುವವರಿಗೆ ಅದು 13. +2 ಇರುವ ಗಾಬ್ಲಿನ್ ಅರ್ಧ ಸಲ ಸಿಕ್ಕಿಬೀಳುತ್ತದೆ. ಹ್ಯೂಜ್ ಗಾತ್ರ ಮತ್ತು ಅದಕ್ಕಿಂತ ದೊಡ್ಡದರ ಮೇಲೆ ಎರಡೂ ಪುಸ್ತಕಗಳಲ್ಲಿ ಬಲೆ ದಂಡ.

ಸಿಕ್ಕವನು ರಿಸ್ಟ್ರೇನ್ಡ್: ವೇಗ 0, ಅವನ ಮೇಲಿನ ದಾಳಿಗೆ ಅಡ್ವಾಂಟೇಜ್, ಅವನ ದಾಳಿಗೆ ಡಿಸ್‌ಅಡ್ವಾಂಟೇಜ್. ಬಿಡಿಸಿಕೊಳ್ಳಲು ಒಂದು ಆಕ್ಷನ್, ಬಲದ ಪರೀಕ್ಷೆಯಲ್ಲಿ 10. ಸಾಧಾರಣ ಮನುಷ್ಯ ನೂರಕ್ಕೆ 55 ಸಲ ಬಿಡಿಸಿಕೊಳ್ಳುತ್ತಾನೆ, +3 ಇರುವ ಜಟ್ಟಿ 70 ಸಲ. ಅಂದರೆ ಬಲೆ ಸೆರೆಮನೆಯಲ್ಲ. ಅದು ಕದಿಯುವುದು ಎದುರಾಳಿಯ ಒಂದು ಸರದಿಯನ್ನು, ಒಮ್ಮೊಮ್ಮೆ ಎರಡನ್ನು. ಆ ಹೊತ್ತಿನಲ್ಲಿ ಜೊತೆಗಾರರು ನುಗ್ಗಿ ಕೈಯಳತೆಯ ಕೊನೆಯ ಪೆಟ್ಟು ಕೊಟ್ಟು ಮಲಗಿಸಬೇಕು. ಒಂದು ಕಿವಿಮಾತು: ಬಲೆಗೆ ಇರುವುದು 5 ಎಚ್‌ಪಿ. ಪಕ್ಕದಲ್ಲಿ ಕತ್ತಿ ಹಿಡಿದ ಶತ್ರು ಇದ್ದರೆ ಒಂದೇ ಏಟಿಗೆ ಹರಿದು ಹಾಕುತ್ತಾನೆ, ಹಾಗಾಗಿ ಗುಂಪಿನಿಂದ ಬೇರ್ಪಟ್ಟವನ ಮೇಲೆ ಬೀಸಿ. ರೋಮಿನ ಅಖಾಡದಲ್ಲಿ ಬಲೆ ಹಿಡಿದ ರೆಟಿಯಾರಿಯಸ್‌ಗೂ ಇನ್ನೊಂದು ಕೈಯಲ್ಲಿ ತ್ರಿಶೂಲ ಇರುತ್ತಿತ್ತು.

ಪ್ರಶ್ನೆ: ಪಾತ್‌ಫೈಂಡರ್ ಎರಡನೇ ಆವೃತ್ತಿಯಲ್ಲಿ ಜೀವಸಹಿತ ಹಿಡಿಯಲು ಪ್ರತಿ ಹೊಡೆತಕ್ಕೂ −2 ತೆರಬೇಕೇ? — ಬೆಂಗಳೂರು

ಉತ್ತರ: ಬೇಡ. ಇಲ್ಲಿ ಬೇರೆ ಚೌಕ ಇಲ್ಲ, ಎಲ್ಲ ಹಾನಿಯೂ ಒಂದೇ ಎಚ್‌ಪಿಯಿಂದ ಹೋಗುತ್ತದೆ. 0ಕ್ಕೆ ಇಳಿಸಿದ ಪೆಟ್ಟು ನಾನ್‌ಲೀಥಲ್ ಆಗಿದ್ದರೆ ಅವನು ಸಾಯುವ ಬದಲು ಮೂರ್ಛೆ ಹೋಗುತ್ತಾನೆ. ಮೊದಲ ಮೂರು ಏಟು ಕತ್ತಿಯಿಂದ ಕಡಿತವಿಲ್ಲದೆ ಕೊಡಿ, ಕೊನೆಯದನ್ನಷ್ಟೇ −2 ತೆತ್ತು ಮಗ್ಗುಲಿನಿಂದ ಕೊಡಿ. ಈ ಆಟದಲ್ಲಿ ಗುರಿಗಿಂತ 10 ಹೆಚ್ಚು ಬಂದರೆ ಕ್ರಿಟಿಕಲ್ (ಇಮ್ಮಡಿ ಹಾನಿ) ಆಗುವುದರಿಂದ −2 ಕಾಣುವುದಕ್ಕಿಂತ ದುಬಾರಿ. ದಾಳದಲ್ಲಿ 8 ಬೇಕಿದ್ದರೆ 65 ಪಾಲು ತಗಲಿ, ಅದರಲ್ಲಿ 15 ಪಾಲು ಕ್ರಿಟಿಕಲ್. −2 ಆದ ಮೇಲೆ 55 ಮತ್ತು 5. ಸರಾಸರಿ ಹಾನಿ ಕಾಲು ಭಾಗ ಕುಸಿಯುತ್ತದೆ. ಪ್ರತಿ ಏಟಿಗೂ ಇದನ್ನು ತೆರುವುದು ದುಂದು.

ಕೊನೆಯ ಏಟು ಯಾವುದೆಂದು ತಿಳಿಯುವುದು ಹೇಗೆ? ಇದು ಆಟ ನಡೆಸುವವರ ಕೆಲಸ. ಎಚ್‌ಪಿ ಕಾಲು ಭಾಗಕ್ಕೆ ಇಳಿದಾಗ ಬಾಯಿಬಿಟ್ಟು ಹೇಳಿ: ಮೊಣಕಾಲು ನಡುಗುತ್ತಿದೆ, ಗುರಾಣಿ ಜಾರುತ್ತಿದೆ. ಆಟಗಾರರು ಆಗ ಸ್ಯಾಪ್ ಎಳೆದುಕೊಳ್ಳುತ್ತಾರೆ ಅಥವಾ ಮುಷ್ಟಿಗೆ ಇಳಿಯುತ್ತಾರೆ. ಮುಷ್ಟಿ 1ಡಿ4, ಸ್ಯಾಪ್ 1ಡಿ6. ಎರಡಕ್ಕೂ ಅಜೈಲ್ ಗುಣ ಇರುವುದರಿಂದ ಅದೇ ಸರದಿಯ ಎರಡನೇ ದಾಳಿಗೆ −5 ಬದಲು −4, ಮೂರನೆಯದಕ್ಕೆ −10 ಬದಲು −8. ಎರಡೂ ಹುಟ್ಟಾ ನಾನ್‌ಲೀಥಲ್, −2ರ ಮಾತಿಲ್ಲ.

ಕೆಡುವುದು ಸಾಮಾನ್ಯವಾಗಿ ರಕ್ತಸ್ರಾವದಿಂದ. ಮೊದಲ ಏಟುಗಳಲ್ಲಿ ಯಾರಾದರೂ ಪರ್ಸಿಸ್ಟೆಂಟ್, ಅಂದರೆ ಸರದಿ ಸರದಿಗೂ ಮರುಕಳಿಸುವ ಹಾನಿ ಹಚ್ಚಿದ್ದರೆ, ನೀವು ಜೋಪಾನವಾಗಿ ಮಲಗಿಸಿದ ಮನುಷ್ಯ ತನ್ನ ಸರದಿಯ ಕೊನೆಗೆ ಮತ್ತೆ ಹಾನಿ ತಿಂದು ಸಾವಿನ ಹಾದಿ ಹಿಡಿಯುತ್ತಾನೆ. ತಾನಾಗಿ ನಿಲ್ಲಲು ಡಿ20ರಲ್ಲಿ 15 ಬರಬೇಕು, ನೂರಕ್ಕೆ 30 ಸಲ ಮಾತ್ರ. ಹಿಡಿಯಬೇಕಾದವನ ಮೇಲೆ ಬೆಂಕಿ, ಆಮ್ಲ, ರಕ್ತ ಹರಿಸುವ ಆಯುಧ ಬೇಡ ಎಂದು ಕಾಳಗಕ್ಕೆ ಮೊದಲೇ ಮಾತಾಡಿಕೊಳ್ಳಿ.

ಪ್ರಶ್ನೆ: 1920ರ ದಶಕದ ಮೈಸೂರು ಸಂಸ್ಥಾನದಲ್ಲಿ ಕಾಲ್ ಆಫ್ ಕ್ತುಲು ಏಳನೇ ಆವೃತ್ತಿ ನಡೆಸುತ್ತಿದ್ದೇನೆ. ಕೊಲೆ ಮಾಡಿದರೆ ಪೊಲೀಸು, ಕೋರ್ಟು ಎಂದು ಹೆದರಿ ಆಟಗಾರರು ಲಾಠಿ, ಕ್ಲೋರೋಫಾರ್ಮ್ ಇಟ್ಟುಕೊಂಡಿದ್ದಾರೆ. ಇವಕ್ಕೆ ಏನು ನಿಯಮ? — ತುಮಕೂರು

ಉತ್ತರ: ಲಾಠಿಗೆ ಆಯುಧಪಟ್ಟಿಯ ದೊಡ್ಡ ದೊಣ್ಣೆಯ ಸಾಲು ಬಳಸಿ, 1ಡಿ8 + ಡ್ಯಾಮೇಜ್ ಬೋನಸ್. ಮೋಟು ಕೋಲಾದರೆ 1ಡಿ6 + ಬೋನಸ್. ಲಾಠಿ ಸೌಮ್ಯ ಆಯುಧ ಎಂದು ನಿಮ್ಮ ಆಟಗಾರರು ನಂಬಿದ್ದರೆ ಲೆಕ್ಕ ತೋರಿಸಿ.

ಕಾನ್‌ಸ್ಟಿಟ್ಯೂಷನ್ (ದೇಹದಾರ್ಢ್ಯ) 60, ಸೈಜ್ (ಗಾತ್ರ) 60 ಇರುವ ಕಾವಲುಗಾರನಿಗೆ ಎಚ್‌ಪಿ 12. ಒಂದೇ ಪೆಟ್ಟಿಗೆ ಅದರ ಅರ್ಧ, ಅಂದರೆ 6 ಅಥವಾ ಹೆಚ್ಚು ಹೋದರೆ ಅದು ಮೇಜರ್ ವೂಂಡ್. ಆಗ ಕಾನ್‌ಸ್ಟಿಟ್ಯೂಷನ್ ದಾಳ ಸೋತರೆ ಪ್ರಜ್ಞೆ ತಪ್ಪುತ್ತದೆ. ಹೊಡೆಯುವವನ ಬಲ ಮತ್ತು ಸೈಜ್ ಸೇರಿ 125ರಿಂದ 164ರೊಳಗಿದ್ದರೆ ಬೋನಸ್ 1ಡಿ4. 1ಡಿ8 + 1ಡಿ4ರಲ್ಲಿ 6 ಅಥವಾ ಹೆಚ್ಚು ಬರುವ ಸಾಧ್ಯತೆ 32ರಲ್ಲಿ 22, ನೂರಕ್ಕೆ 69. ಅಂದರೆ ತಗಲಿದ ಲಾಠಿಯೇಟುಗಳಲ್ಲಿ ಮೂರರಲ್ಲಿ ಎರಡು ಮೇಜರ್ ವೂಂಡ್. ಅವನು ಪ್ರಜ್ಞೆ ಉಳಿಸಿಕೊಂಡನೋ, ಎರಡನೇ ಏಟು ಬೇಕು. ಮೇಜರ್ ವೂಂಡ್ ಆದವನು 0ಕ್ಕೆ ಇಳಿದರೆ ಬರೀ ಮೂರ್ಛೆಯಲ್ಲ, ಸಾಯುತ್ತಿದ್ದಾನೆ: ಪ್ರತಿ ಸುತ್ತೂ ಕಾನ್‌ಸ್ಟಿಟ್ಯೂಷನ್ ದಾಳ, ಒಮ್ಮೆ ಸೋತರೆ ಕಥೆ ಮುಗಿಯಿತು. ಫಸ್ಟ್ ಏಡ್ ಬಲ್ಲವನೊಬ್ಬ ಪಕ್ಕದಲ್ಲೇ ಇರಬೇಕು. ನಿಮ್ಮ ಆಟದ ಕಾಲದ್ದೇ ನಿದರ್ಶನ ಬೇಕಾದರೆ, 1928ರ ಅಕ್ಟೋಬರ್ 30ರಂದು ಲಾಹೋರಿನಲ್ಲಿ ಲಾಠಿ ಪೆಟ್ಟು ತಿಂದ ಲಾಲಾ ಲಜಪತ ರಾಯ್ ನವೆಂಬರ್ 17ರಂದು ತೀರಿಕೊಂಡರು.

ಮುಷ್ಟಿಯ ಲೆಕ್ಕವೇ ಬೇರೆ. 1ಡಿ3ಕ್ಕೆ ಬೋನಸ್ ಇಲ್ಲದಿದ್ದರೆ 12 ಎಚ್‌ಪಿಯವನಿಗೆ ಮೇಜರ್ ವೂಂಡ್ ಆಗುವುದೇ ಸಾಧ್ಯವಿಲ್ಲ; ಚಿಕ್ಕ ಚಿಕ್ಕ ಪೆಟ್ಟಿನಿಂದ 0ಕ್ಕೆ ಬಂದವನು ಪ್ರಜ್ಞೆ ತಪ್ಪುತ್ತಾನೆಯೇ ಹೊರತು ಸಾಯುವುದಿಲ್ಲ. 1ಡಿ4 ಬೋನಸ್ ಇರುವ ದಾಂಡಿಗನ ಗುದ್ದಿನಲ್ಲೂ ನಾಲ್ಕರಲ್ಲಿ ಒಂದೇ ಅಪಾಯ. ನಿಧಾನ, ಗದ್ದಲ, ಆದರೆ ಸುರಕ್ಷಿತ.

ಎಲ್ಲಕ್ಕಿಂತ ಒಳ್ಳೆಯದು ಹಾನಿಯ ದಾಳವನ್ನೇ ಮುಟ್ಟದೆ ಇರುವುದು. ಫೈಟಿಂಗ್ ಮೆನೂವರ್ ಆಗಿ ಹಿಡಿದು ಕೆಡವಿ, ಇನ್ನೊಬ್ಬ ಕೈ ಕಟ್ಟಲಿ. ಬಿಲ್ಡ್ (ಮೈಕಟ್ಟಿನ ಅಂಕಿ) ಹೋಲಿಸಿ: ನಿಮ್ಮದು ಒಂದು ಕಡಿಮೆಯಾದರೆ ಒಂದು ಪೆನಾಲ್ಟಿ ದಾಳ, ಎರಡು ಕಡಿಮೆಯಾದರೆ ಎರಡು, ಮೂರು ಕಡಿಮೆಯಾದರೆ ಆಗದ ಮಾತು. ಇಬ್ಬರು ಮೂವರು ಒಟ್ಟಿಗೆ ಮೇಲೆ ಬಿದ್ದರೆ ಸೆರೆ ಬಹುತೇಕ ಖಚಿತ.

ಕ್ಲೋರೋಫಾರ್ಮ್ ಸಿನಿಮಾದಲ್ಲಿ ಕರವಸ್ತ್ರ ಹಿಡಿದ ಕೂಡಲೇ ಕೆಲಸ ಮಾಡುತ್ತದೆ, ನಿಜದಲ್ಲಿ ಹಾಗಲ್ಲ. ನಿಮಿಷಗಳೇ ಬೇಕು, ಅದರ ಅಡಿಯಲ್ಲಿ ರೋಗಿಗಳು ಸತ್ತ ದಾಖಲೆ 1848ರಿಂದಲೇ ಇದೆ. 1888 ಮತ್ತು 1889ರಲ್ಲಿ ಪಕ್ಕದ ಹೈದರಾಬಾದಿನಲ್ಲೇ ಎರಡು ಆಯೋಗಗಳು ಅದರ ಸುರಕ್ಷತೆಯ ಪ್ರಶ್ನೆಯನ್ನು ಹಿಡಿದು ಪ್ರಯೋಗ ನಡೆಸಿದ್ದವು. ನಿಮ್ಮ ಕಥೆಯ ವೈದ್ಯ ಪಾತ್ರಕ್ಕೆ ಇದು ಗೊತ್ತಿರುತ್ತದೆ. ಮನೆನಿಯಮ ಹೀಗಿರಲಿ: ಮೊದಲು ಹಿಡಿತ ಗೆಲ್ಲಬೇಕು, ಹಿಡಿತ ಉಳಿದ ಪ್ರತಿ ಸುತ್ತಿಗೆ ಬಲಿಯಾದವನು ಕಾನ್‌ಸ್ಟಿಟ್ಯೂಷನ್ ದಾಳ ಎಸೆಯಲಿ, ಒಟ್ಟು ಮೂರು ಸಲ ಸೋತರೆ ಪ್ರಜ್ಞೆ ಹೋಗುತ್ತದೆ, ಅವನ ದಾಳದಲ್ಲಿ ಫಂಬಲ್ (ಅತಿ ಕೆಟ್ಟ ಅಂಕಿ) ಬಿದ್ದರೆ ಉಸಿರು ನಿಲ್ಲುತ್ತದೆ, ಆ ಸುತ್ತಿನಲ್ಲೇ ಮೆಡಿಸಿನ್ ಗೆಲ್ಲಬೇಕು. ಈ ಕೊನೆಯ ಸಾಲನ್ನು ಆಟಗಾರರಿಗೆ ಮೊದಲೇ ಓದಿ ಹೇಳಿ. ಬಾಟಲಿ ಚೀಲದೊಳಗೇ ಉಳಿಯುವ ಸಂಭವ ಹೆಚ್ಚು.

ಪ್ರಶ್ನೆ: ಸ್ಲೀಪ್ ಮಂತ್ರದಿಂದ ಮಲಗಿದವರನ್ನು ಕಟ್ಟಿ ಹಾಕಲು ಸಮಯ ಸಿಗುತ್ತದೆಯೇ? — ಧಾರವಾಡ

ಉತ್ತರ: ಸಿಗುತ್ತದೆ, ಆದರೆ ಬಿಗಿಯಾಗಿ. ಮಂತ್ರದ ಅವಧಿ ಒಂದು ನಿಮಿಷ, ಅಂದರೆ ಹತ್ತು ಸುತ್ತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ 2014ರ ಮಂತ್ರ ಸೇವ್ ಕೇಳುವುದಿಲ್ಲ. 5ಡಿ8 ಎಸೆದು, ಕಡಿಮೆ ಎಚ್‌ಪಿಯವರಿಂದ ಶುರುಮಾಡಿ ಒಬ್ಬೊಬ್ಬರನ್ನಾಗಿ ಮಲಗಿಸುತ್ತದೆ. ಸರಾಸರಿ 22 ಚಿಲ್ಲರೆ, 7 ಎಚ್‌ಪಿಯ ಮೂರು ಗಾಬ್ಲಿನ್‌ಗಳಿಗೆ ಸರಿಹೋಯಿತು. 2024ರದ್ದು ವಿಸ್ಡಮ್ ಸೇವ್ ಕೇಳುತ್ತದೆ, ಎರಡು ಸಲ ಸೋತರೆ ಮಾತ್ರ ನಿದ್ದೆ. ಎರಡರಲ್ಲೂ ಹಾನಿಯಾದರೆ ಅಥವಾ ಯಾರಾದರೂ ಆಕ್ಷನ್ ವ್ಯಯಿಸಿ ಅಲುಗಾಡಿಸಿದರೆ ಎಚ್ಚರ. ಕಟ್ಟುವುದನ್ನು ಅಲುಗಾಡಿಸುವುದೆಂದು ನಾವು ಎಣಿಸುವುದಿಲ್ಲ. ಕೈಗೆ ಒಂದು ಆಕ್ಷನ್, ಕಾಲಿಗೆ ಒಂದು. 2014ರ ಸೆಣಬಿನ ಹಗ್ಗಕ್ಕೆ 2 ಎಚ್‌ಪಿ, ಹರಿಯಲು ಬಲದ 17 ಬೇಕು. ಕೈಕೋಳಕ್ಕೆ 15 ಎಚ್‌ಪಿ, ಜಾರಿಸಿಕೊಳ್ಳಲೂ ಮುರಿಯಲೂ 20. ಕೋಳ ಕೊಳ್ಳಿ.

ಪ್ರಶ್ನೆ: ನಾನೇ ಒಂದು ಆಟದ ನಿಯಮ ಬರೆಯುತ್ತಿದ್ದೇನೆ, ಡಿ20 ಆಧಾರಿತ. ಕೊಲ್ಲದ ಆಯುಧಗಳಿಗೆ ಸರಳವಾದ ಒಂದು ನಿಯಮ ಸೂಚಿಸುವಿರಾ? — ದಾವಣಗೆರೆ

ಉತ್ತರ: ಮೊದಲು ದಯೆಯ ಬೆಲೆಯನ್ನು ಎಲ್ಲಿ ವಸೂಲಿ ಮಾಡುತ್ತೀರಿ ಎಂದು ತೀರ್ಮಾನಿಸಿ. ಹೊಡೆಯುವ ಮುಂಚೆ ವಸೂಲಿ ಮಾಡಬಹುದು, 3.5ರ −4ರ ಹಾಗೆ. ಹೊಡೆದಾಟದ ನಡುವೆ ಮಾಡಬಹುದು. ಶ್ಯಾಡೋರನ್ ಐದನೇ ಆವೃತ್ತಿಯಲ್ಲಿ ಸ್ಟನ್‌ಗೆ (ಮಂಕು ಕವಿಸುವ ಪೆಟ್ಟಿಗೆ) ಬೇರೆ ಸಾಲು, ದೈಹಿಕ ಗಾಯಕ್ಕೆ ಬೇರೆ ಸಾಲು, ಸ್ಟನ್ ತುಂಬಿ ಚೆಲ್ಲಿದರೆ ಎರಡು ಮನೆಗೆ ಒಂದು ಗಾಯ. ಹೊಡೆದಾಟ ಮುಗಿದ ಮೇಲೂ ಮಾಡಬಹುದು. ಫೇಟ್ ಕೋರ್ ಎಂಬ ಆಟ ಬೆಲೆ ಕೇಳುವುದೇ ಇಲ್ಲ: ಸೋತವನ ಗತಿಯನ್ನು ಸೋಲಿಸಿದವನೇ ಹೇಳುತ್ತಾನೆ, ಅದು ತಪ್ಪಬೇಕಿದ್ದರೆ ಸೋಲುವ ಮೊದಲೇ ಶರಣಾಗಬೇಕು.

ನಮ್ಮ ಒಲವು ಮೂರನೆಯದಕ್ಕೆ, ಮುಗಿದ ಮೇಲೆ. ಮುಂಚೆಯೇ ಕಡಿತ ಹಾಕಿದರೆ ಆಟಗಾರರು ಲೆಕ್ಕ ನೋಡಿ ಕೊಲ್ಲುತ್ತಾರೆ. ಎರಡು ಸಾಲು ಇಟ್ಟರೆ ಒಬ್ಬ ಸ್ಟನ್ ತುಂಬಿಸುತ್ತಾ ಇನ್ನೊಬ್ಬ ಗಾಯ ತುಂಬಿಸುತ್ತಾ ಇಬ್ಬರ ಶ್ರಮವೂ ಅರ್ಧಕ್ಕೇ ನಿಲ್ಲುತ್ತದೆ. ಹೀಗೆ ಮಾಡಿ ನೋಡಿ. ಕೊನೆಯ ಪೆಟ್ಟು ಕೊಟ್ಟವನು ಮೂರ್ಛೆ ಎಂದು ಆರಿಸಿದರೆ ಡಿಎಂ ಮರೆಯಲ್ಲಿ 1ಡಿ6 ಎಸೆಯಲಿ. 1 ಬಂದರೆ ಒಳಪೆಟ್ಟು, ಮೂರು ಸುತ್ತಿನೊಳಗೆ ಆರೈಕೆ ಸಿಗದಿದ್ದರೆ ಸಾವು. 2ರಿಂದ 5 ಬಂದರೆ 1ಡಿ6 × 10 ನಿಮಿಷ ಮೂರ್ಛೆ. 6 ಬಂದರೆ ಒಂದೇ ನಿಮಿಷದಲ್ಲಿ ಎಚ್ಚರ, ಆದರೆ ಬಿದ್ದಂತೆ ನಟಿಸುತ್ತಿದ್ದಾನೆ. ಅಲಗು ಇರುವ ಆಯುಧವಾದರೆ 2 ಬಂದರೂ ಒಳಪೆಟ್ಟು. ಬರಿಗೈಯಾದರೆ 1ನ್ನು 2 ಎಂದು ಓದಿ. ಹೀಗೆ ದೊಣ್ಣೆಗೆ ಆರರಲ್ಲಿ ಒಂದು ಅಪಾಯ, ಕತ್ತಿಗೆ ಮೂರರಲ್ಲಿ ಒಂದು, ಮುಷ್ಟಿಗೆ ಶೂನ್ಯ. ದೊಣ್ಣೆ ಹೊರಲು ಈಗ ಒಂದು ಕಾರಣ ಹುಟ್ಟಿತು, ಕಾಳಗದ ನಡುವೆ ಒಂದೂ ಹೊಸ ಅಂಕಿ ಬರೆಯಲಿಲ್ಲ. ದಾಳವನ್ನು ಮರೆಯಲ್ಲೇ ಎಸೆಯಬೇಕು, ಇಲ್ಲದಿದ್ದರೆ 6ಕ್ಕೆ ಅರ್ಥವೇ ಇರುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಉಲ್ಟಾ. ಎಲ್ಲರನ್ನೂ ಹಿಡಿದು ಹಿಡಿದು ಹನ್ನೊಂದು ಸೆರೆಯಾಳುಗಳಾಗಿದ್ದಾರೆ. ವಿಚಾರಣೆಯಲ್ಲೇ ಸಂಜೆ ಕಳೆಯುತ್ತದೆ. — ಶಿವಮೊಗ್ಗ

ಉತ್ತರ: ಅಷ್ಟು ಜನರನ್ನು ಹೊಡೆದು ಮಲಗಿಸುವ ಪ್ರಮೇಯವೇ ಬಾರದಂತೆ ಮಾಡಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 1981ರ ಬೇಸಿಕ್ ಆವೃತ್ತಿಯ ಮೊರೇಲ್ (ಎದೆಗಾರಿಕೆ) ನಿಯಮ ಇಂದಿಗೂ ಚೆನ್ನಾಗಿ ನಡೆಯುತ್ತದೆ: ಶತ್ರುವಿನ ಕಡೆಯವರಲ್ಲಿ ಮೊದಲನೆಯವನು ಸತ್ತಾಗ ಒಮ್ಮೆ, ಅರ್ಧ ಮಂದಿ ಕೆಳಗೆ ಬಿದ್ದಾಗ ಒಮ್ಮೆ 2ಡಿ6 ಎಸೆಯಿರಿ, ಮೊರೇಲ್ ಅಂಕಿಯನ್ನು ಮೀರಿದರೆ ಕಾಲು ಕೀಳುತ್ತಾರೆ ಅಥವಾ ಶರಣಾಗುತ್ತಾರೆ. ಗಾಬ್ಲಿನ್‌ಗಳಿಗೆ ಅದು 7. ಒಂದು ಎಸೆತದಲ್ಲಿ ಎದೆಗುಂದುವ ಸಾಧ್ಯತೆ ನೂರಕ್ಕೆ 42, ಎರಡರೊಳಗೆ 66. ನೀವು ಮೊದಲ ಎಸೆತವನ್ನು ಸಾವಿಗಷ್ಟೇ ಅಲ್ಲದೆ ಮೊದಲ ಮೂರ್ಛೆಗೂ ಅನ್ವಯಿಸಿ. ಬಹುಪಾಲು ಮಂದಿ ಓಡಿಹೋಗುತ್ತಾರೆ, ಒಬ್ಬಿಬ್ಬರು ಕೈಗೆ ಸಿಗುತ್ತಾರೆ, ಅಷ್ಟು ಸಾಕು.

ಹಿಡಿದವನಿಗೆ ಮೂರೇ ಪ್ರಶ್ನೆ. ಯಾರು ಕೇಳುವುದು, ಹೇಗೆ ಕೇಳುವುದು ಎಂದು ಗುಂಪು ಮೊದಲೇ ನಿರ್ಧರಿಸಿ ಒಂದೇ ದಾಳ ಎಸೆಯಲಿ, ಪ್ರತಿ ಪ್ರಶ್ನೆಗೂ ಬೇರೆ ದಾಳ ಬೇಡ. ಗೆದ್ದರೆ ಮೂರೂ ನಿಜ. ಸೋತರೆ ಎರಡು ನಿಜ, ಒಂದು ಸುಳ್ಳು, ಯಾವುದೆಂದು ಡಿಎಂಗೆ ಮಾತ್ರ ಗೊತ್ತು. ಆಮೇಲೆ ಅವನನ್ನು ಬಿಡುವುದೋ, ಊರಿನವರೆಗೆ ನಡೆಸಿಕೊಂಡು ಹೋಗುವುದೋ ಎಂದು ಆಗಲೇ ಹೇಳಿಸಿಕೊಳ್ಳಿ. ಕರೆದೊಯ್ದರೆ ದಿನಕ್ಕೆ ಒಬ್ಬರ ಊಟ, ರಾತ್ರಿಗೆ ಒಬ್ಬ ಕಾವಲು ಹೆಚ್ಚು. ಹನ್ನೊಂದು ಜನರ ಊಟ ಎಂದಾಗ ಮೇಜಿನ ಮಾತು ತಾನಾಗಿ ಬದಲಾಗುತ್ತದೆ. ಸುಳ್ಳು ಹೇಳಿದ ಉತ್ತರ ಯಾವುದೆಂದು ಡಿಎಂ ತನ್ನ ಹಾಳೆಯಲ್ಲಿ ದಿನಾಂಕ ಸಹಿತ ಬರೆದಿಟ್ಟುಕೊಳ್ಳಲಿ, ಮೂರು ವಾರ ಬಿಟ್ಟು ಆಟಗಾರರು ಆ ಬಾಗಿಲು ತಳ್ಳಿದಾಗ ಬೇಕಾಗುತ್ತದೆ.